ಕೊಡಗಿನ ಮನೆಯಲ್ಲಿ ಗೌಜಲಹಕ್ಕಿ: ಮೊಟ್ಟೆಗೆ ಕಾವು ಕೊಡುವುದರಿಂದ ಮೊದಲ ಮೊಟ್ಟೆಯವರೆಗೆ

ಮೊಟ್ಟೆಗೆ ಕಾವು ಕೊಡುವ ಯಂತ್ರವಾದ ಇನ್‌ಕ್ಯುಬೇಟರ್ ಕೊಂಡರೆ ಅದರ ಜೊತೆ ಒಂದು ಕೈಪಿಡಿ ಬರುತ್ತದೆ. ನೀರಿನ ತಟ್ಟೆ ಎಂದೂ ಖಾಲಿಯಾಗದಂತೆ ನೋಡಿಕೊಳ್ಳಿ ಎಂದು ಅದರಲ್ಲಿ ಬರೆದಿರುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಆ ಮಾತು ಸರಿ. ಭಾಗಮಂಡಲದ ಕಡೆಯೋ ನಾಪೋಕ್ಲಿನ ಕಡೆಯೋ ಜುಲೈ ತಿಂಗಳ ಜಡಿಮಳೆಯಲ್ಲಿ ಅದನ್ನೇ ಪಾಲಿಸಿದರೆ, ಪೂರ್ತಿ ಬೆಳೆದ ಮರಿಗಳು ಚಿಪ್ಪು ಒಡೆಯಲಾರದೆ ಒಳಗೇ ಸಾಯುವ ಸಂಭವ ಹೆಚ್ಚು. ಕೊಡಗಿನಲ್ಲಿ ಹಕ್ಕಿ ಸಾಕುವವರು ಮೊದಲು ಗೆಲ್ಲಬೇಕಾದದ್ದು ತೇವವನ್ನು. ಮೊಟ್ಟೆಯಲ್ಲಿ, ಹಾಸಿನಲ್ಲಿ, ಆಹಾರದ ಚೀಲದಲ್ಲಿ, ಗೂಡಿನ ಮೂಲೆಯಲ್ಲಿ ಎಲ್ಲ ಕಡೆಯೂ ಅದೇ ಕಾಡುತ್ತದೆ. ಈ ಲೇಖನವನ್ನು ನಮ್ಮ ಜಿಲ್ಲೆಯ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ತೋಟದ ಕೆಲಸದ ನಡುವೆ ಮನೆಮಂದಿಯೆಲ್ಲ ಸೇರಿ ಇಪ್ಪತ್ತು ಮೂವತ್ತು ಹಕ್ಕಿ ಸಾಕಬೇಕೆಂದಿರುವವರಿಗೆ ಇದು ಸಾಕಾಗುತ್ತದೆ.

ಯಾವ ಹಕ್ಕಿ?

ಮೊದಲಿಗೆ ಒಂದು ವಿಷಯ ಖಚಿತವಾಗಿರಲಿ. ಕಾಫಿ ಗಿಡದ ಬುಡದಲ್ಲಿ ಕಾಡುಕೋಳಿಯ ಗೂಡು ಕಂಡರೂ, ಗದ್ದೆಯ ಬದುವಿನಲ್ಲಿ ಗೌಜುಗದ ಮೊಟ್ಟೆ ಸಿಕ್ಕರೂ ಕೈ ಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಕಾನೂನು ಹಾಗಿರಲಿ, ಬೇಟೆಯ ಕಥೆಗಳನ್ನು ಕೇಳುತ್ತ ಬೆಳೆದ ನಮ್ಮ ಮನೆಗಳ ಮಕ್ಕಳು ಕಾಡಿನದನ್ನು ಕಾಡಿಗೇ ಬಿಟ್ಟು, ಮನೆಯ ಹಕ್ಕಿಯನ್ನು ಮೊಟ್ಟೆಯಿಂದ ಬೆಳೆಸುವುದನ್ನು ಕಲಿಯಬೇಕು ಎಂಬುದು ನನ್ನ ಗಟ್ಟಿಯಾದ ಆಸೆ.

ಮನೆಯಲ್ಲಿ ಸಾಕಲು ತಕ್ಕದ್ದು ಜಪಾನಿ ಗೌಜಲಹಕ್ಕಿ. ಅಂಗಡಿಯವರು ಕ್ವೇಲ್ ಎಂದರೂ ಕಾಡೆ ಎಂದರೂ ಇದೇ. ತಲೆಮಾರುಗಳಿಂದ ಸಾಕಿ ಪಳಗಿಸಿದ ತಳಿ ಇದು. ಭಾರತಕ್ಕೆ ಇದನ್ನು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ತರಲಾಯಿತು. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿ ಅದರ ತಳಿಗಳನ್ನು ಅಭಿವೃದ್ಧಿಪಡಿಸಲಾಯಿತು. ಹದಿನೇಳು, ಹದಿನೆಂಟು ದಿನಕ್ಕೆ ಮರಿ ಹೊರಬರುತ್ತದೆ, ಆರು ಏಳು ವಾರಕ್ಕೆ ಹೆಣ್ಣು ಮೊಟ್ಟೆ ಇಡತೊಡಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಒಂದು ಹೆಣ್ಣು ವರ್ಷಕ್ಕೆ 250ಕ್ಕೂ ಹೆಚ್ಚು ಮೊಟ್ಟೆ ಕೊಡುತ್ತದೆ. ಮಗುವೊಂದು ಆರಂಭದಿಂದ ಕೊನೆಯವರೆಗೂ ಆಸಕ್ತಿ ಕಳೆದುಕೊಳ್ಳದೆ ನೋಡಬಲ್ಲಷ್ಟು ಚಿಕ್ಕ ಅವಧಿ ಇದು. ಮೊಟ್ಟೆಯನ್ನೋ ಮರಿಯನ್ನೋ ಪರವಾನಗಿ ಇರುವ ಹ್ಯಾಚರಿಯಿಂದಲೇ (ಮರಿ ಮಾಡಿಸಿ ಮಾರುವ ಕೇಂದ್ರದಿಂದಲೇ) ತನ್ನಿ, ಬಿಲ್ ಜೋಪಾನವಾಗಿ ಇಡಿ. ಬೆಳೆದ ಹಕ್ಕಿ ನೋಡಲು ಕಾಡಿನ ಗೌಜಲಹಕ್ಕಿಯಂತೆಯೇ ಇರುವುದರಿಂದ ಎಂದಾದರೂ ಅರಣ್ಯ ಸಿಬ್ಬಂದಿ ಕೇಳಿದರೆ ತೋರಿಸಲು ಕಾಗದ ಕೈಯಲ್ಲಿರಬೇಕು. ಸದ್ಯದ ನಿಯಮ ಏನೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು. ಸಾಕಣೆಯ ಸಲಹೆಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರದಲ್ಲೇ ಇದೆ.

ಗಿನಿ ಕೋಳಿ ಸಾಕಲು ಆಸೆಯಿದ್ದರೆ ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಅದರ ಮೊಟ್ಟೆ 26ರಿಂದ 28 ದಿನ ಕಾವು ಕೇಳುತ್ತದೆ. ದೊಡ್ಡದಾದ ಮೇಲೆ ತೋಟದ ಹುಳುಹುಪ್ಪಟೆ ತಿಂದು, ಅಪರಿಚಿತರು ಬಂದರೆ ಗದ್ದಲವೆಬ್ಬಿಸುವ ಗಟ್ಟಿ ಜೀವ ಅದು. ಮರಿಯಾಗಿದ್ದಾಗ ಮಾತ್ರ ಇಬ್ಬನಿಯ ಹುಲ್ಲಿನಲ್ಲಿ ನೆನೆದರೂ ಸತ್ತುಹೋಗುತ್ತದೆ.

ತಿಂಗಳು ಆರಿಸುವುದೇ ಅರ್ಧ ಕೆಲಸ

ಮಳೆಗಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ ಎಂದುಕೊಳ್ಳೋಣ. ಅಷ್ಟರೊಳಗೆ ಮರಿಗಳಿಗೆ ಮೈತುಂಬ ಗರಿ ಬಂದು, ದೀಪದ ಶಾಖವಿಲ್ಲದೆ ಬದುಕುವಂತಾಗಿರಬೇಕು. ಅದಕ್ಕೆ ನಾಲ್ಕು ವಾರ ಬೇಕು, ಅದಕ್ಕೂ ಮೊದಲು ಕಾವಿಗೆ ಹದಿನೆಂಟು ದಿನ. ಏಪ್ರಿಲ್ 5ರ ಸುಮಾರಿಗೆ ಮೊಟ್ಟೆ ಇಟ್ಟರೆ 22, 23ಕ್ಕೆ ಮರಿ ಬರುತ್ತವೆ. ಮೇ 20ರ ಹೊತ್ತಿಗೆ ನಾಜೂಕಿನ ಕಾಲ ಕಳೆದಿರುತ್ತದೆ. ಆಗ ಮಕ್ಕಳಿಗೂ ಬೇಸಿಗೆ ರಜೆ. ಕಾಫಿ ಕೊಯ್ಲು ಮುಗಿದಿರುತ್ತದೆ, ಕಾಫಿ ಹೂವರಳಿಸುವ ಹೂಮಳೆಗಾಗಿ ಆಕಾಶ ನೋಡುವುದೂ ಬಹುಪಾಲು ಮುಗಿದಿರುತ್ತದೆ. ಮನೆಯಲ್ಲಿ ಕೈಗಳೂ ಇರುತ್ತವೆ, ಬಿಡುವೂ ಇರುತ್ತದೆ.

ಎರಡನೆಯ ಒಳ್ಳೆಯ ಕಾಲ ಕಾವೇರಿ ಸಂಕ್ರಮಣದ ನಂತರ, ಅಕ್ಟೋಬರ್ ಕೊನೆಯಿಂದ ಸುಗ್ಗಿಯ ಹಬ್ಬವಾದ ಹುತ್ತರಿಯವರೆಗೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಚಳಿ ಜೋರು, ಮನೆಯವರೆಲ್ಲ ಕೊಯ್ಲಿನಲ್ಲಿ ಮುಳುಗಿರುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಂತೂ ಮೊದಲ ಬಾರಿ ಪ್ರಯತ್ನಿಸಲೇಬೇಡಿ. ಮರ ಬಿದ್ದು ವಿದ್ಯುತ್ ತಂತಿ ಹರಿದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ಮಳೆ ಕಡಿಮೆಯಾದ್ದರಿಂದ ಸ್ವಲ್ಪ ಸಡಿಲಿಕೆ ಇದೆ.

ಮೊಟ್ಟೆ, ಯಂತ್ರ ಮತ್ತು ಅಡುಗೆಮನೆಯ ತಕ್ಕಡಿ

ಜಪಾನಿ ಗೌಜಲಕ್ಕೆ ಕಾವು ಕೂರುವ ಬುದ್ಧಿ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ. ಸಾಕಣೆಯಲ್ಲಿ ಮೊಟ್ಟೆಗಾಗಿಯೇ ಆರಿಸಿ ಆರಿಸಿ ಬೆಳೆಸಿದ್ದರ ಫಲ ಅದು. ಹಾಗಾಗಿ ಯಂತ್ರ ಬೇಕು, ಇಲ್ಲವೇ ಕಾವು ಕೂತಿರುವ ಹಗುರ ಮೈಯ ನಾಟಿ ಕೋಳಿ ಬೇಕು. ದೊಡ್ಡ ಹೇಂಟೆಯ ಕೆಳಗೆ ಗೌಜಲದ ತೆಳು ಚಿಪ್ಪು ನಿಲ್ಲುವುದಿಲ್ಲ. ಗಿನಿ ಕೋಳಿಯ ಮೊಟ್ಟೆಯ ಚಿಪ್ಪು ಗಟ್ಟಿ, ಅದನ್ನು ನಾಟಿ ಕೋಳಿಯ ಕೆಳಗೆ ಹನ್ನೆರಡು ಹದಿನೈದರಂತೆ ಧೈರ್ಯವಾಗಿ ಇಡಬಹುದು.

ಮೊಟ್ಟೆಯ ವಯಸ್ಸು ಏಳು ದಿನ ದಾಟಿರಬಾರದು. ಫ್ರಿಜ್ಜಿನಲ್ಲಿ ಇಟ್ಟದ್ದು ಬೇಡ. ಅಂಗಡಿಯಲ್ಲಿ ತಿನ್ನಲು ಮಾರುವ ಪೊಟ್ಟಣದ ಮೊಟ್ಟೆಯೂ ಬೇಡ, ಅದಕ್ಕೆ ಗಂಡಿನ ಸಂಪರ್ಕ ಇದ್ದಿತೋ ಇಲ್ಲವೋ ತಿಳಿಯುವುದಿಲ್ಲ. ಸಂಗ್ರಹಿಸುವಾಗ ಚೂಪು ತುದಿ ಕೆಳಗೆ ಇರಲಿ. 15ರಿಂದ 18 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು. ಹಳೆಯ ಮನೆಯ ಮಣ್ಣುಗೋಡೆಯ ಒಳಕೋಣೆ ಇದ್ದರೆ ಚಳಿಗಾಲದಲ್ಲಿ ಅದೇ ಸಾಕು. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಸ್ಸಿನಲ್ಲಿ ತರಿಸಿದ್ದಾದರೆ ಘಟ್ಟದ ತಿರುವುಗಳಲ್ಲಿ ಅಲುಗಾಡಿದ ಮೊಟ್ಟೆಗೆ ಒಂದು ರಾತ್ರಿ ವಿಶ್ರಾಂತಿ ಕೊಡಿ. ಒಳಗಿನ ಗಾಳಿಗೂಡು (ದಪ್ಪ ತುದಿಯಲ್ಲಿರುವ ಗಾಳಿಯ ಜಾಗ) ಮತ್ತೆ ತನ್ನ ಜಾಗದಲ್ಲಿ ನೆಲೆಯೂರಬೇಕು. ಹಾಗೆ ದೂರದಿಂದ ಬಂದ ಮೊಟ್ಟೆಗಳಲ್ಲಿ ಅರ್ಧದಷ್ಟು ಮರಿಯಾದರೂ ಸಂತೋಷಪಡಬೇಕು. ಕೊಳೆಯಾಗಿದೆ ಎಂದು ಮೊಟ್ಟೆ ತೊಳೆಯಬೇಡಿ, ತೀರಾ ಕೊಳಕಾದದ್ದನ್ನು ಬಿಟ್ಟುಬಿಡಿ.

ಯಂತ್ರವನ್ನು ಮೊಟ್ಟೆಯಿಡುವ ಹಿಂದಿನ ದಿನವೇ ಖಾಲಿಯಾಗಿ ಓಡಿಸಿ ನೋಡಿ. ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಇರಬೇಕು. ಫ್ಯಾನ್ ಇಲ್ಲದ ಥರ್ಮೊಕೋಲ್ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ 38.5ರ ಆಸುಪಾಸು. ಯಂತ್ರದ ಮೇಲೆ ಕಾಣುವ ಅಂಕಿಯನ್ನು ಕಣ್ಣುಮುಚ್ಚಿ ನಂಬದೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಒಳಗಿಟ್ಟು ತಾಳೆ ನೋಡಿ. ತೇವಾಂಶ ತೋರಿಸುವ ಮಾಪಕವನ್ನು ಪರೀಕ್ಷಿಸಲು ಉಪ್ಪು ಸಾಕು. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪು ಹಾಕಿ, ಕರಗಿ ನೀರಾಗದಷ್ಟು ಮಾತ್ರ ಒದ್ದೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಪ್ರತಿ ಬಾರಿಯೂ ಐದು ಕಳೆದು ಓದಿಕೊಳ್ಳಿ. ಹೈಸ್ಕೂಲಿನ ಮಕ್ಕಳಿಗೆ ಈ ಕೆಲಸ ಬಲು ಇಷ್ಟವಾಗುತ್ತದೆ.

ಈಗ ತೇವದ ಮಾತು. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಕಾವಿನ ಅವಧಿಯಲ್ಲಿ ಅವುಗಳ ಮೂಲಕ ಸ್ವಲ್ಪ ಸ್ವಲ್ಪವೇ ನೀರು ಆವಿಯಾಗಿ ಹೋಗಿ ದಪ್ಪ ತುದಿಯಲ್ಲಿ ಗಾಳಿಗೂಡು ದೊಡ್ಡದಾಗುತ್ತದೆ. ಕೊನೆಯಲ್ಲಿ ಮರಿ ತನ್ನ ಮೊದಲ ಉಸಿರನ್ನು ತೆಗೆದುಕೊಳ್ಳುವುದು ಆ ಗಾಳಿಗೂಡಿನಿಂದ. ಹೊರಗೆ ತೇವ ಹೆಚ್ಚಿದ್ದರೆ ನೀರು ಹೋಗುವುದಿಲ್ಲ, ಗಾಳಿಗೂಡು ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಉಬ್ಬಿಕೊಂಡು ತಿರುಗಲಾರದೆ ಸಾಯುತ್ತದೆ. ತೀರಾ ಒಣಗಿದರೂ ಕಷ್ಟ, ಒಳಪೊರೆ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಮೊದಲ ಹದಿನಾಲ್ಕು ದಿನ ಯಂತ್ರದೊಳಗೆ ಶೇ 45ರಿಂದ 55ರಷ್ಟು ತೇವಾಂಶ ಇದ್ದರೆ ನಮ್ಮಲ್ಲಿ ಸರಿಹೋಗುತ್ತದೆ.

ಆದರೆ ಹೊರಗಿನ ಹವೆ ನೋಡಿ ಒಳಗಿನದನ್ನು ಊಹಿಸಲು ಹೋಗಬೇಡಿ. ಗಾಳಿಯನ್ನು ಬಿಸಿ ಮಾಡಿದಾಗ ಅದರ ತೇವಾಂಶದ ಪ್ರಮಾಣ ಇಳಿಯುತ್ತದೆ. 22 ಡಿಗ್ರಿಯಲ್ಲಿ ಶೇ 95ರಷ್ಟು ತೇವವಿರುವ ಮಳೆಗಾಲದ ಗಾಳಿ 37.5 ಡಿಗ್ರಿಗೆ ಏರಿದಾಗ ಶೇ 40ರ ಹತ್ತಿರಕ್ಕೆ ಬರುತ್ತದೆ. ಮೊಟ್ಟೆಗಳಿಂದ ಹೊರಡುವ ಆವಿಯೂ ಅದಕ್ಕೆ ಸೇರಿಕೊಳ್ಳುವುದರಿಂದ ಆಗ ನೀರಿನ ತಟ್ಟೆ ಖಾಲಿಯಿದ್ದರೂ ನಡೆಯುತ್ತದೆ. ಜನವರಿಯ ಮಂಜು ಮುಸುಕಿದ ಬೆಳಗಿನ ಗಾಳಿ ಒದ್ದೆಯಂತೆ ಕಂಡರೂ ನಿಜಕ್ಕೂ ಅದರಲ್ಲಿರುವ ನೀರು ಕಡಿಮೆ. 15 ಡಿಗ್ರಿಯಲ್ಲಿ ಶೇ 80 ಇದ್ದದ್ದು ಯಂತ್ರದೊಳಗೆ ಶೇ 20ಕ್ಕೆ ಕುಸಿಯುತ್ತದೆ. ಆಗ ನೀರು ಇಡಲೇಬೇಕು. ಏಪ್ರಿಲ್‌ನಲ್ಲಿ ಇವೆರಡರ ನಡುವೆ, ತಟ್ಟೆಯ ಒಂದು ಭಾಗದಲ್ಲಿ ಮಾತ್ರ ನೀರು ಸಾಕಾಗಬಹುದು.

ಇದನ್ನೆಲ್ಲ ಒಂದೇ ಏಟಿಗೆ ತೀರ್ಮಾನಿಸಿಕೊಡುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಇಡುವ ದಿನ ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ತೂಗಿ ಬರೆದಿಟ್ಟುಕೊಳ್ಳಿ. ಗೌಜಲದ ಮೊಟ್ಟೆ ಒಂದಕ್ಕೆ 10, 12 ಗ್ರಾಂ ಇರುತ್ತದೆ. ಇಪ್ಪತ್ತು ಮೊಟ್ಟೆಗೆ 220 ಗ್ರಾಂ ಬಂತೆನ್ನಿ. ಹದಿನಾಲ್ಕನೆಯ ದಿನದೊಳಗೆ ಶೇ 11ರಿಂದ 13ರಷ್ಟು ತೂಕ ಇಳಿಯಬೇಕು. ಅಂದರೆ ಏಳನೆಯ ದಿನ ಸುಮಾರು 207 ಗ್ರಾಂ, ಹದಿನಾಲ್ಕನೆಯ ದಿನ ಸುಮಾರು 194. ಏಳನೆಯ ದಿನ 213 ತೋರಿಸಿದರೆ ತೇವ ಹೆಚ್ಚಾಗಿದೆ, ನೀರು ತೆಗೆದು ಗಾಳಿಯ ಕಿಂಡಿ ಇನ್ನಷ್ಟು ತೆರೆಯಿರಿ. 200 ತೋರಿಸಿದರೆ ನೀರು ಸೇರಿಸಿ. ನಡುವೆ ಹಾಳಾದ ಮೊಟ್ಟೆ ತೆಗೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಕೆಲವು ಮೊಟ್ಟೆಗಳ ಮೇಲೆ ಪೆನ್ಸಿಲ್‌ನಿಂದ ಸಂಖ್ಯೆ ಬರೆದು ಅವುಗಳ ತೂಕವನ್ನು ಬೇರೆಯಾಗಿಯೂ ಇಟ್ಟುಕೊಳ್ಳಿ. ಯಾವ ಕೈಪಿಡಿಯೂ, ಯಾವ ಅನುಭವಿಯೂ ನಿಮ್ಮ ಮನೆಯ ಹವೆಯನ್ನು ಈ ತಕ್ಕಡಿಯಷ್ಟು ನಿಖರವಾಗಿ ಹೇಳಲಾರರು.

ಹದಿನಾಲ್ಕು ದಿನ ಮತ್ತು ಕೊನೆಯ ಮೂರು ದಿನ

ತಾನಾಗಿ ತಿರುಗಿಸುವ ವ್ಯವಸ್ಥೆ ಇಲ್ಲದಿದ್ದರೆ ದಿನಕ್ಕೆ ಕನಿಷ್ಠ ಮೂರು ಬಾರಿ, ಸಾಧ್ಯವಾದರೆ ಐದು ಬಾರಿ ಮೊಟ್ಟೆ ತಿರುಗಿಸಬೇಕು. ಒಂದು ಬದಿಗೆ ಗುಣಿಸು ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಬರೆದರೆ ಮಕ್ಕಳೇ ಮಾಡುತ್ತಾರೆ. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು, ಮಲಗುವ ಮುನ್ನ ಒಬ್ಬರು ಎಂದು ಪಾಲು ಹಂಚಿ, ಮಾಡಿದವರು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲಿ. ಮನೆಯಲ್ಲೇ ಇರುವ ಅಜ್ಜ ಅಜ್ಜಿಯರು ಶಾಖದ ಅಂಕಿ ನೋಡಿಕೊಂಡರೆ ಉಳಿದವರು ನಿಶ್ಚಿಂತೆಯಿಂದ ತೋಟಕ್ಕೆ ಹೋಗಬಹುದು.

ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಪ್ರಖರವಾದ ಸಣ್ಣ ಟಾರ್ಚಿಗೆ ಮೊಟ್ಟೆಯ ದಪ್ಪ ತುದಿ ಹಿಡಿದು ನೋಡಿ. ಚಿಪ್ಪಿನ ಕಪ್ಪು ಮಚ್ಚೆಗಳ ನಡುವೆ ಕಾಣುವುದು ಸ್ವಲ್ಪ ಕಷ್ಟ, ಆದರೂ ಕೆಂಪು ನರಗಳ ಬಲೆ, ನಡುವೆ ಅಲುಗುವ ಕಪ್ಪು ಚುಕ್ಕೆ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿ ಬೆಳಗಿದರೆ ಅದು ಬರಿಯ ಮೊಟ್ಟೆ. ವಾಸನೆ ಬರುವುದನ್ನು, ಹನಿ ಒಸರುವುದನ್ನು ಕೂಡಲೇ ಹೊರಗೆ ಒಯ್ಯಿರಿ, ಒಳಗೆ ಒಡೆದರೆ ಉಳಿದವಕ್ಕೂ ಸೋಂಕು ತಗಲುತ್ತದೆ.

ಕರೆಂಟ್ ಹೋದರೆ ಗಾಬರಿ ಬೇಡ. ಮೊಟ್ಟೆಗೆ ಒಂದೆರಡು ಗಂಟೆಯ ತಂಪಿಗಿಂತ ಅತಿ ಶಾಖವೇ ಅಪಾಯ. ಯಂತ್ರದ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ, ಗಾಳಿಯ ಕಿಂಡಿ ಮಾತ್ರ ಬಿಡಿ. ಹೆಚ್ಚು ಹೊತ್ತಾಗುವಂತಿದ್ದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆ ಸುತ್ತಿ ಮೊಟ್ಟೆಗೆ ತಾಗದಂತೆ ಒಳಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಡುವುದು ಬೇಡವೇ ಬೇಡ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಮರಿಗಳ ಜೊತೆಗೆ ಮನುಷ್ಯರ ಜೀವಕ್ಕೂ ಸಂಚಕಾರ. ಇನ್ವರ್ಟರ್ ಇರುವ ಮನೆಯಲ್ಲಿ ಈ ಚಿಕ್ಕ ಯಂತ್ರವನ್ನು ಅದಕ್ಕೇ ಜೋಡಿಸಿಬಿಡಿ.

ಹದಿನಾಲ್ಕು ದಿನ ತುಂಬಿದ ಮೇಲೆ ತಿರುಗಿಸುವುದನ್ನು ನಿಲ್ಲಿಸಿ. ಮೊಟ್ಟೆಗಳನ್ನು ತಟ್ಟೆಯಿಂದ ತೆಗೆದು ಜಾಲರಿಯ ಮೇಲೆ ಅಡ್ಡ ಮಲಗಿಸಿ. ಶಾಖ 37.2ಕ್ಕೆ ಇಳಿಸಿ, ತೇವಾಂಶ ಶೇ 65ರಿಂದ 75ಕ್ಕೆ ಏರಿಸಿ. ಈಗ ಮಾತ್ರ, ಮಳೆಗಾಲದಲ್ಲೂ, ನೀರು ಬೇಕು. ಚಿಪ್ಪು ತೂತಾದ ಮೇಲೆ ಒಳಪೊರೆ ಒಣಗಿದರೆ ಮರಿ ಸಿಕ್ಕಿಹಾಕಿಕೊಳ್ಳುತ್ತದೆ.

ಹದಿನಾರನೆಯ ದಿನದಿಂದ ಮೊಟ್ಟೆಯೊಳಗಿಂದ ಸಣ್ಣ ಚಿಂವ್‌ಗುಟ್ಟುವಿಕೆ ಕೇಳತೊಡಗುತ್ತದೆ. ನಂತರ ಒಂದು ಮೊಟ್ಟೆಯ ಮೈಮೇಲೆ ಎಳ್ಳುಕಾಳಿನಷ್ಟು ಬಿರುಕು ಕಾಣುತ್ತದೆ. ಎಷ್ಟೋ ಗಂಟೆ ಏನೂ ನಡೆಯುವುದಿಲ್ಲ. ಆಮೇಲೆ ಮರಿ ಒಳಗೇ ಸುತ್ತು ತಿರುಗುತ್ತ ದಪ್ಪ ತುದಿಯ ಸುತ್ತ ಗೆರೆ ಕೊರೆದು, ಚಿಪ್ಪಿನ ಟೋಪಿಯನ್ನು ಕಾಲಿನಿಂದ ಒದ್ದು ತಳ್ಳುತ್ತದೆ. ಒದ್ದೆ ಮೈ, ಅಲುಗುವ ಕತ್ತು, ಹೆಬ್ಬೆರಳಿನ ತುದಿಯಷ್ಟು ಗಾತ್ರ. ಇದನ್ನು ನೋಡುತ್ತಿರುವ ಮಗು ಸುಮ್ಮನಿರಲಾರದು. “ಅಜ್ಜೀ, ಸ್ವಲ್ಪ ಚಿಪ್ಪು ಬಿಡಿಸಿಕೊಡಲಾ?” ಎಂದು ಕೇಳಿಯೇ ಕೇಳುತ್ತದೆ. “ಬೇಡ ಕುಂಞಿ, ಅದರ ಪಾಡಿಗೆ ಅದು ಬರಲಿ” ಎಂದು ಹೇಳಲು ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಆ ನಿಂತ ಗಂಟೆಗಳಲ್ಲಿ ಮರಿ ಉಳಿದ ಭಂಡಾರವನ್ನು, ಅಂದರೆ ಮೊಟ್ಟೆಯ ಹಳದಿಯನ್ನು, ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಮುಚ್ಚಿಕೊಳ್ಳುತ್ತಿರುತ್ತವೆ. ಆತುರದಿಂದ ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳವನ್ನೂ ತೆರೆಯಬಾರದು. ಭಂಡಾರದ ಬಲದಿಂದ ಮರಿ ಒಂದು ದಿನ ಅನ್ನನೀರಿಲ್ಲದೆ ಇರಬಲ್ಲದು, ಮೈ ಒಣಗಿ ಹತ್ತಿಯಂತಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೊರತೆಗೆದರಾಯಿತು.

ಮೊದಲ ವಾರ

ಹೆಚ್ಚಿನ ಸಾವು ಆಗುವುದು ಈ ವಾರದಲ್ಲಿ. ಮರಿಯ ತೂಕ ಏಳು ಗ್ರಾಂನ ಆಸುಪಾಸು. ತಣ್ಣಗಾಗುವುದೂ, ನೆನೆಯುವುದೂ, ಮುಳುಗುವುದೂ ಅದಕ್ಕೆ ಕ್ಷಣದ ಕೆಲಸ.

ಮೂವತ್ತು ಮರಿಗೆ ಎರಡು ಅಡಿ ಅಗಲ ಮೂರು ಅಡಿ ಉದ್ದದ ರಟ್ಟಿನ ಪೆಟ್ಟಿಗೆ ಎರಡು ವಾರಕ್ಕೆ ಸಾಕು. ಮೂಲೆಗಳಿಗೆ ರಟ್ಟು ಬಾಗಿಸಿ ದುಂಡಗೆ ಮಾಡಿ, ಇಲ್ಲವಾದರೆ ಚಳಿಯಾದಾಗ ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಶಾಖಕ್ಕೆ ಎಲ್‌ಇಡಿ ಬಲ್ಬ್ ಪ್ರಯೋಜನವಿಲ್ಲ, ಅದು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಹಳೆಯ ಬಗೆಯ 60 ವಾಟ್ ಬಲ್ಬ್ ಸಿಕ್ಕರೆ ಸರಿ. ಸಿಗದಿದ್ದರೆ ಕೋಳಿಮರಿಗೆ ಬಳಸುವ ಇನ್‌ಫ್ರಾರೆಡ್ ದೀಪ ಅಥವಾ ಸೆರಾಮಿಕ್ ಹೀಟರ್ ತನ್ನಿ. ರಟ್ಟಿಗೂ ಹೊಟ್ಟಿಗೂ ತಾಗದಂತೆ ಗಟ್ಟಿ ಸರಪಳಿಯಲ್ಲಿ ತೂಗುಹಾಕಿ, ಬೆಂಕಿಯ ಭಯ ಸಣ್ಣದಲ್ಲ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35ರಿಂದ 37 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಿ. ದೀಪ ಪೆಟ್ಟಿಗೆಯ ಒಂದು ಬದಿಯಲ್ಲಿದ್ದರೆ ಬೇಕಾದಾಗ ಹತ್ತಿರ, ಸಾಕಾದಾಗ ದೂರ ಎಂದು ಮರಿಗಳೇ ಆರಿಸಿಕೊಳ್ಳುತ್ತವೆ. ದೀಪದ ಕೆಳಗೆ ಮುದ್ದೆಯಾಗಿ ಕೂತು ಅರಚುತ್ತಿದ್ದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎಲ್ಲಿಂದಲೋ ಥಂಡಿಗಾಳಿ ನುಗ್ಗುತ್ತಿದೆ.

ನೆಲಕ್ಕೆ ಬರಿಯ ದಿನಪತ್ರಿಕೆ ಹಾಸಬೇಡಿ. ಜಾರಿ ಜಾರಿ ಕಾಲು ಎರಡೂ ಕಡೆಗೆ ಸೀಳಿಕೊಂಡ ಮರಿ ಮತ್ತೆ ಏಳುವುದಿಲ್ಲ. ಮೊದಲ ಮೂರು ನಾಲ್ಕು ದಿನ ಏರುತಗ್ಗಿನ ರಟ್ಟು ಇಲ್ಲವೇ ನೂಲು ಬಿಟ್ಟಿರದ ಗೋಣಿತಾಟು, ನಂತರ ಒಣ ಭತ್ತದ ಹೊಟ್ಟು ಅಥವಾ ಮರದ ಮಿಲ್ಲಿನ ಹತ್ತರಿ ಹೊಟ್ಟು. ಇದನ್ನು ಮೇ ತಿಂಗಳ ಬಿಸಿಲಿನಲ್ಲೇ ಚೆನ್ನಾಗಿ ಒಣಗಿಸಿ ಮುಚ್ಚಳವಿರುವ ಡ್ರಮ್ಮುಗಳಲ್ಲಿ ತುಂಬಿಡಿ, ಜೂನ್ ಬಂದ ಮೇಲೆ ಒಣ ಹೊಟ್ಟು ಎಲ್ಲೂ ಸಿಗುವುದಿಲ್ಲ. ಬೂಷ್ಟು ಹಿಡಿದ ಹಾಸಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಬಾಯಿ ತೆರೆದು ಉಸಿರೆಳೆಯುತ್ತ ಸಾಯುತ್ತವೆ, ಅದಕ್ಕೆ ಉಪಯೋಗಕ್ಕೆ ಬರುವ ಔಷಧಿಯಿಲ್ಲ. ಮನೆಯಲ್ಲಿ ರಾಶಿ ಬಿದ್ದಿದೆ ಎಂದು ಕಾಫಿ ಹೊಟ್ಟು ಹಾಸುವುದನ್ನು ನಾನು ಒಪ್ಪುವುದಿಲ್ಲ. ಅದು ಗೊಬ್ಬರದ ಗುಂಡಿಗೇ ಸೇರಲಿ.

ನೀರಿನ ತಟ್ಟೆ ಬಾಟಲಿ ಮುಚ್ಚಳದಷ್ಟು ಆಳವಿದ್ದರೂ ಅದರಲ್ಲಿ ಗೋಲಿ ಅಥವಾ ತೊಳೆದ ಹೊಳೆಕಲ್ಲು ತುಂಬಿ. ಕಲ್ಲುಗಳ ಸಂದಿಯಿಂದ ಕೊಕ್ಕು ಮಾತ್ರ ಇಳಿಯುವಂತಿರಬೇಕು. ಪೆಟ್ಟಿಗೆಗೆ ಬಿಡುವಾಗ ಪ್ರತಿಯೊಂದು ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ ಮುಟ್ಟಿಸಿ. ಹತ್ತು ದಿನ ಕಳೆಯುವ ಹೊತ್ತಿಗೆ ಅವು ಹಾರತೊಡಗುತ್ತವೆ, ಮೇಲೆ ಜಾಲರಿ ಮುಚ್ಚಿರಲಿ.

ಆಹಾರ

ಗೌಜಲದ ಮರಿಗೆ ಕೋಳಿಮರಿಗಿಂತ ಹೆಚ್ಚು ಪ್ರೋಟೀನ್ ಬೇಕು. ಮೊದಲ ಮೂರು ವಾರ ಶೇ 24ರಿಂದ 27ರಷ್ಟು, ಮುಂದೆ ಶೇ 20ರಿಂದ 24. ಗೌಜಲಕ್ಕೆಂದೇ ತಯಾರಿಸಿದ ಆಹಾರ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗದಿದ್ದರೆ ಮಾಂಸದ ಕೋಳಿಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವ ಬ್ರಾಯ್ಲರ್ ಪ್ರೀ-ಸ್ಟಾರ್ಟರ್ ಆಹಾರ ತಂದು ಮಿಕ್ಸಿಯಲ್ಲಿ ರವೆಯಷ್ಟು ಸಣ್ಣಗೆ ಮಾಡಿ ಹಾಕಿ. ಬೇಯಿಸಿದ ಮೊಟ್ಟೆಯ ಚೂರು ಮೊದಲ ವಾರ ಸ್ವಲ್ಪ ಕೊಡಬಹುದು, ಉಳಿದದ್ದನ್ನು ಗಂಟೆಯೊಳಗೆ ತೆಗೆಯಬೇಕು. ಮೊಟ್ಟೆಕೋಳಿಯ ಲೇಯರ್ ಆಹಾರವನ್ನು ಮರಿಗಳಿಗೆ ಕೊಡಬೇಡಿ, ಅದರಲ್ಲಿರುವ ಸುಣ್ಣದ ಅಂಶ ಮರಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮೊಟ್ಟೆ ಇಡತೊಡಗಿದ ಮೇಲೆ ಅದೇ ಆಹಾರ ಬೇಕು, ಜೊತೆಗೆ ಕಪ್ಪೆಚಿಪ್ಪಿನ ಪುಡಿ. ಬೆಳೆದ ಹಕ್ಕಿ ದಿನಕ್ಕೆ 25ರಿಂದ 30 ಗ್ರಾಂ ತಿನ್ನುತ್ತದೆ.

ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ. ಮಳೆಗಾಲದಲ್ಲಿ ಜೋಳವೂ ಕಡಲೆಕಾಯಿ ಹಿಂಡಿಯೂ ಬೇಗ ಬೂಷ್ಟು ಹಿಡಿದು ಅದರಲ್ಲಿ ವಿಷ ಉಂಟಾಗುತ್ತದೆ. ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲೆ, ಒಲೆಯ ಶಾಖ ತಗಲುವ ಕೋಣೆಯಲ್ಲಿ ಇಡಿ. ಗಂಟುಕಟ್ಟಿದ, ಮುಗ್ಗಲು ವಾಸನೆಯ ಆಹಾರವನ್ನು ದುಡ್ಡಿನ ಮುಖ ನೋಡದೆ ಎಸೆಯಿರಿ.

ಗೂಡು

ನಾಲ್ಕು ವಾರದ ನಂತರ ಹೊರಗಿನ ಗೂಡಿಗೆ. ಗಾಬರಿಯಾದರೆ ಗೌಜಲ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, ನೆತ್ತಿ ಒಡೆದುಕೊಳ್ಳುತ್ತದೆ. ಆದ್ದರಿಂದ ಗೂಡಿನ ಎತ್ತರ ಹತ್ತು ಹನ್ನೆರಡು ಇಂಚಿನೊಳಗೆ ಇರಲಿ, ಇಲ್ಲವೇ ಆಳೆತ್ತರವಿದ್ದು ಮೇಲ್ಗಡೆ ಮೆತ್ತನೆಯ ಬಲೆ ಇರಲಿ. ಒಂದು ಚದರ ಅಡಿಗೆ ನಾಲ್ಕಕ್ಕಿಂತ ಹೆಚ್ಚು ಹಕ್ಕಿ ಬೇಡ. ಜಾಗ ಕಡಿಮೆಯಾದಷ್ಟೂ ಒಂದನ್ನೊಂದು ಕುಕ್ಕುತ್ತವೆ.

ಕೋಳಿ ಬಲೆ ಪ್ರಯೋಜನವಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಯ ಜಾಲರಿ) ಹಾಕಿ. ಕೇರೆ, ನಾಗರ, ಹೆಗ್ಗಣ, ಮುಂಗುಸಿ, ರಾತ್ರಿ ಸುತ್ತುವ ಪುನುಗು ಬೆಕ್ಕು ಇವೆಲ್ಲಕ್ಕೂ ತೋಟದ ಮನೆ ಗೊತ್ತು. ಗೂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದರೆ ಇರುವೆ ಬರುವುದಿಲ್ಲ. ನೈಋತ್ಯ ದಿಕ್ಕಿನಿಂದ ಬೀಸುವ ಇರಚಲಿಗೆ ಆ ಬದಿಗೆ ಟಾರ್ಪಾಲು ಕಟ್ಟಿ, ಎದುರು ಬದಿ ತೆರೆದಿಡಿ. ನಾಲ್ಕೂ ಕಡೆ ಮುಚ್ಚಿದರೆ ಹಿಕ್ಕೆಯ ಅಮೋನಿಯಾ ಕಣ್ಣು ಉರಿಸುತ್ತದೆ. ಮೊಣಕಾಲೂರಿ ಹಕ್ಕಿಯ ಮಟ್ಟಕ್ಕೆ ಮೂಗು ತಂದು ನೋಡಿ, ನಿಮಗೆ ಅಲ್ಲಿ ಉಸಿರಾಡಲು ಕಷ್ಟವಾದರೆ ಹಾಸು ಬದಲಿಸಬೇಕಾದ ದಿನ ಅದು.

ಮೊಟ್ಟೆ ಬರಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಜೂನ್, ಜುಲೈನ ಮೋಡದಲ್ಲಿ ಅಷ್ಟು ಸಿಗುವುದಿಲ್ಲ. ಇಲ್ಲಿ ಎಲ್‌ಇಡಿ ಬಲ್ಬ್ ಸಾಕು, ಬೆಳಗಿನ ಜಾವವೂ ಸಂಜೆಯೂ ಉರಿಯಲಿ.

ರೋಗ, ಕೈತೊಳೆಯುವುದು, ಪಶು ವೈದ್ಯರು

ನಾಟಿ ಕೋಳಿಯ ಜೊತೆ ಗೌಜಲವನ್ನು ಸೇರಿಸಿ ಸಾಕಬೇಡಿ, ಕೋಳಿಗೆ ಲಕ್ಷಣ ತೋರದ ಸೋಂಕೂ ಇದಕ್ಕೆ ತಗಲಬಹುದು. ಟರ್ಕಿಯನ್ನಂತೂ ಕೋಳಿ ಕೆದರಿದ ನೆಲಕ್ಕೇ ಬಿಡಬಾರದು. ರಕ್ತಮಿಶ್ರಿತ ಹಿಕ್ಕೆ ಕಂಡರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇರಬಹುದು. ತೇವದ ಹಾಸಿನಲ್ಲಿ ಅದು ಹಬ್ಬುತ್ತದೆ, ಬೇಗ ತೋರಿಸಿದರೆ ಔಷಧಿ ಇದೆ. ಕಾರಣ ತಿಳಿಯದೆ ಹಲವು ಹಕ್ಕಿಗಳು ಒಟ್ಟಿಗೆ ಸತ್ತರೆ ಮುಟ್ಟಬೇಡಿ, ತೋಟಕ್ಕೆ ಎಸೆಯಬೇಡಿ, ನಾಯಿಗೆ ಹಾಕಬೇಡಿ. ಹಕ್ಕಿಜ್ವರದ ಸಂಶಯಕ್ಕೆ ಎಡೆಯಿರುವುದರಿಂದ ಪಶುಸಂಗೋಪನಾ ಇಲಾಖೆಗೆ ತಿಳಿಸಲೇಬೇಕು. 1962ಕ್ಕೆ ಕರೆ ಮಾಡಬಹುದು.

ಆರೋಗ್ಯವಾಗಿ ಕಾಣುವ ಮರಿಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಪ್ರತಿ ಬಾರಿಯೂ ಸೋಪು ಹಾಕಿ ಕೈತೊಳೆಯುವುದು ಮನೆಯ ನಿಯಮವಾಗಲಿ. ಐದು ವರ್ಷದೊಳಗಿನ ಮಕ್ಕಳು ಮರಿಗೆ ಮುತ್ತು ಕೊಡುವುದು, ಕೆನ್ನೆಗೆ ಒತ್ತಿಕೊಳ್ಳುವುದು ಬೇಡ. ನೀರಿನ ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಗಂಡು, ಹೆಣ್ಣು, ಅಡುಗೆಮನೆ

ಮೂರು ವಾರಕ್ಕೆ ಎದೆಯ ಗರಿ ಭೇದ ತೋರಿಸುತ್ತದೆ. ಗಂಡಿಗೆ ಒಂದೇ ಬಣ್ಣದ ಕೆಂಗಂದು ಎದೆ, ಹೆಣ್ಣಿಗೆ ಮಾಸಲು ಎದೆಯ ಮೇಲೆ ಕಪ್ಪು ಚುಕ್ಕೆ. ಮೂವತ್ತು ಮರಿಯಲ್ಲಿ ಅರ್ಧದಷ್ಟು ಗಂಡಾಗುತ್ತವೆ, ಅಷ್ಟನ್ನೂ ಉಳಿಸಿಕೊಂಡರೆ ಹೆಣ್ಣುಗಳ ನೆತ್ತಿಯ ಗರಿ ಉಳಿಯುವುದಿಲ್ಲ. ಎರಡು ಮೂರು ಹೆಣ್ಣಿಗೆ ಒಂದು ಗಂಡು ಇದ್ದರೆ ಸಾಕು. ಉಳಿದವು ಆರು ವಾರಕ್ಕೆ ಅಡುಗೆಗೆ. ಕರಿಮೆಣಸು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಒಣಗಿಸಿ ಹುರಿದರೆ ಅಕ್ಕಿಯ ಉಂಡೆಗಳಾದ ಕಡಂಬುಟ್ಟಿಗೆ ತಕ್ಕ ಜೊತೆ. ಮಾಂಸ ತೆಳುವಾದ್ದರಿಂದ ಹೆಚ್ಚು ಹೊತ್ತು ಒಲೆಯ ಮೇಲಿಡಬಾರದು.

ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮೊಟ್ಟೆ ಇಡುವ ದಿನವೇ ಹೇಳಿ: ಕೆಲವು ಮೊಟ್ಟೆಗಾಗಿ, ಕೆಲವು ಊಟಕ್ಕಾಗಿ. ಹೆಸರಿಡಬೇಕೆಂದರೆ ಉಳಿಸಿಕೊಳ್ಳುವ ಹೆಣ್ಣುಗಳಿಗೆ ಇಡಲಿ. ಮಾಂಸಕ್ಕೆ ಒಪ್ಪದ ಮಗುವನ್ನು ಬಲವಂತ ಮಾಡಬೇಡಿ. ಮನಸ್ಸು ತಡೆಯದೆ ಹಕ್ಕಿಗಳನ್ನು ತೋಟಕ್ಕೆ ಹಾರಿಬಿಡುವುದೂ ತಪ್ಪು. ಅವುಗಳಿಗೆ ಕಾಡಿನಲ್ಲಿ ಬದುಕಲು ತಿಳಿಯದು. ಬದುಕಿದರೆ ಅಲ್ಲಿನ ಹಕ್ಕಿಗಳಿಗೆ ರೋಗ ಒಯ್ಯುತ್ತವೆ.

ಮುಂದಿನ ಸಾಲಿನ ಮೊಟ್ಟೆ

ನಿಮ್ಮದೇ ಹಕ್ಕಿಗಳ ಮೊಟ್ಟೆಯಿಂದ ಮತ್ತೆ ಮರಿ ಮಾಡಿಸುವುದಾದರೆ ಗಂಡನ್ನು ಸೇರಿಸಿದ ನಾಲ್ಕನೆಯ ದಿನದಿಂದ ಮೊಟ್ಟೆ ಆರಿಸಿ. ಒಡಹುಟ್ಟಿದವುಗಳನ್ನೇ ಜೊತೆಗೂಡಿಸುತ್ತ ಹೋದರೆ ಗೌಜಲದಲ್ಲಿ ಬಹುಬೇಗ ಮರಿಗಳು ಕ್ಷೀಣವಾಗುತ್ತವೆ, ಮೊಟ್ಟೆಯೊಳಗೆ ಸಾಯುವುದು ಹೆಚ್ಚುತ್ತದೆ. ಪ್ರತಿ ತಲೆಮಾರಿಗೂ ಬೇರೆ ಹ್ಯಾಚರಿಯ ಗಂಡುಗಳನ್ನು ತನ್ನಿ. ಹಾಗೆ ತಂದವನ್ನು ಮೂರು ವಾರ ಬೇರೆ ಗೂಡಿನಲ್ಲಿ, ಹಳೆಯ ಗೂಡಿನಿಂದ ದೂರದಲ್ಲಿ ಇಡಿ. ದಿನವೂ ಮೊದಲು ಹಳೆಯ ಹಕ್ಕಿಗಳಿಗೆ ಮೇವು ನೀರು ಕೊಟ್ಟು ಮುಗಿಸಿ, ಆಮೇಲೆ ಹೊಸವುಗಳ ಬಳಿಗೆ ಹೋಗಿ, ಅಲ್ಲಿಂದ ನೇರವಾಗಿ ಕೈಕಾಲು ತೊಳೆಯಲು ಹೋಗಿ.